ಬಾಂಜ್ ಮರಗಳ ನಡುವೆ ಒಂದು ದಂಡು

ಹಿಮಾಲಯದ ಗಿರಿಧಾಮಗಳೆಂದೊಡನೆ ನಮ್ಮ ಕಡೆಯ ಪ್ರವಾಸಿಗನ ನೆನಪಿಗೆ ಬರುವುದು ಶಿಮ್ಲಾ, ಮಸ್ಸೂರಿ, ನೈನಿತಾಲ್ ಎಂಬ ಎರಡು ಮೂರು ಹೆಸರುಗಳು ಮಾತ್ರ. ಅಲ್ಲಿಗೆ ಹೋದವನು ಪರ್ವತವನ್ನು ನೋಡುವುದಕ್ಕಿಂತ ಹೆಚ್ಚಾಗಿ, ಪರ್ವತವನ್ನು ನೋಡಲು ಬಂದ ಜನಸಂದಣಿಯನ್ನೇ ನೋಡಿ ಹಿಂದಿರುಗುವುದು ಈಗ ರೂಢಿಯಾಗಿಬಿಟ್ಟಿದೆ. ಉತ್ತರಾಖಂಡದ ಪೌಡಿ ಗಢವಾಲ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ, ಬಾಂಜ್, ಬುರಾಂಸ್, ಚೀಡ್ ಮರಗಳ ಕಾಡಿನ ನಡುವೆ ಕುಳಿತಿರುವ ಲ್ಯಾನ್ಸ್‌ಡೌನ್ ಎಂಬ ಚಿಕ್ಕ ಊರಾದರೋ ದಿಲ್ಲಿಗೆ ಒಂದು ಹಗಲಿನ ಪ್ರಯಾಣದಷ್ಟು ಸಮೀಪದಲ್ಲಿದ್ದೂ, ಬೆಳಗಿನ ಹೊತ್ತು ಮರಕುಟಿಗನ ಕೊಕ್ಕಿನ ಸದ್ದು ಒಂದು ಗುಡ್ಡದಿಂದ ಮತ್ತೊಂದು ಗುಡ್ಡಕ್ಕೆ ಕೇಳಿಸುವಷ್ಟು ನಿಶ್ಶಬ್ದವಾಗಿ ಉಳಿದಿದೆ. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ ಆರು ಸಾವಿರವನ್ನೂ ಮುಟ್ಟಿರಲಿಲ್ಲ. ಈ ನಿಶ್ಶಬ್ದ ಪ್ರಕೃತಿಯೇ ತಾನಾಗಿ ಇತ್ತ ವರವೆಂದು ಬಂದವರು ಭಾವಿಸುವುದು ಸಹಜ. ಆದರೆ ಸ್ವಲ್ಪ ನಿಂತು ವಿಚಾರಿಸಿದರೆ ಅದನ್ನು ಉಂಟುಮಾಡಿದವರು ಕೆಲವರು, ಕಾಪಾಡಿದವರು ಮತ್ತೆ ಕೆಲವರು, ಅದಕ್ಕಾಗಿ ಬೆಲೆ ತೆತ್ತವರು ಬೇರೆಯೇ ಕೆಲವರು ಎಂಬುದು ತಿಳಿದುಬರುತ್ತದೆ.

ದಿಲ್ಲಿಯಿಂದ ಮೀರತ್, ಬಿಜನೋರ್, ನಜೀಬಾಬಾದ್‌ಗಳನ್ನು ಹಾದು, ಕಬ್ಬಿನ ಗದ್ದೆಗಳ ನಡುವೆ ಗಂಟೆಗಟ್ಟಲೆ ಸಮತಟ್ಟಾಗಿ ಸಾಗುವ ದಾರಿ ಕೋಟದ್ವಾರವೆಂಬ ಊರಿನಲ್ಲಿ ಥಟ್ಟನೆ ಬೆಟ್ಟಕ್ಕೆ ಎದುರಾಗುತ್ತದೆ. ರೈಲು ಇಲ್ಲಿಗೇ ಕೊನೆಗೊಳ್ಳುತ್ತದೆ. ಗಢವಾಲದ ಹೆಬ್ಬಾಗಿಲೆನ್ನಿಸಿಕೊಂಡಿರುವ ಈ ಪೇಟೆಯಲ್ಲಿ ಉಪ್ಪು, ಬೆಲ್ಲ, ಸೀಮೆಎಣ್ಣೆ, ಕೊಡೆ, ಕಂಬಳಿ ಮುಂತಾದ ಸಕಲ ವಸ್ತುಗಳೂ ಒಂದು ಕಾಲದಲ್ಲಿ ಹೇಸರಗತ್ತೆಗಳ ಬೆನ್ನೇರಿ ಮೇಲಕ್ಕೆ ಹೋಗುತ್ತಿದ್ದವು. ಮುಂದಿನ ಸುಮಾರು ನಲವತ್ತು ಕಿಲೋಮೀಟರ್ ದಾರಿಯಲ್ಲಿ ಖೋಹ್ ನದಿಯ ಕಣಿವೆಯನ್ನು ಅನುಸರಿಸಿ ದುಗಡ್ಡಾ ಎಂಬ ಹಳೆಯ ಬಜಾರನ್ನು ತಲುಪಿ, ಅಲ್ಲಿಂದ ನೆಟ್ಟನೆ ಏರಬೇಕು. 1930ರಲ್ಲಿ ಚಂದ್ರಶೇಖರ ಆಜಾದರು ತಮ್ಮ ಸಂಗಡಿಗರೊಂದಿಗೆ ಬಂದು ಪಿಸ್ತೂಲಿನ ಗುರಿಯನ್ನು ಪಳಗಿಸಿಕೊಂಡದ್ದು ಈ ದುಗಡ್ಡಾದ ಕಾಡಿನಲ್ಲಿಯೇ. ಪೊಲೀಸರ ಕಣ್ಣಿಗೆ ಬೀಳದೆ ಗುಂಡು ಹಾರಿಸುವುದಕ್ಕೆ ಇದಕ್ಕಿಂತ ಯೋಗ್ಯವಾದ ಸ್ಥಳ ದಿಲ್ಲಿಯ ಸುತ್ತಮುತ್ತ ದೊರೆಯುವುದು ದುರ್ಲಭವೆಂದು ಇಂದು ಆ ದಾರಿಯಲ್ಲಿ ಹೋಗುವವನಿಗೂ ಅನಿಸುತ್ತದೆ.

ಈ ಏರಿನಲ್ಲಿ ಕಾಡು ಬದಲಾಗುವುದನ್ನು ಗಮನಿಸದೆ ನಿದ್ದೆಹೋಗುವ ಪ್ರಯಾಣಿಕನು ಅರ್ಧ ಪ್ರವಾಸವನ್ನೇ ಕಳೆದುಕೊಂಡಂತೆ. ಕೆಳಗೆ ಸಾಲವೃಕ್ಷಗಳ ಕಾಡು. ಕಾರ್ಬೆಟ್ ಮತ್ತು ರಾಜಾಜಿ ಅಭಯಾರಣ್ಯಗಳ ನಡುವೆ ಹಬ್ಬಿರುವ ಈ ಸೀಮೆಯಲ್ಲಿ ಆನೆಗಳು ಓಡಾಡುತ್ತವೆ. ಸಾವಿರ ಮೀಟರಿನ ಆಸುಪಾಸಿನಲ್ಲಿ ಸಾಲ ಹಿಂದೆ ಸರಿದು, ಚೀಡ್ ಎಂದು ಇಲ್ಲಿಯವರು ಕರೆಯುವ ಉದ್ದನೆಯ ಪೈನ್ ಮರಗಳು ನೇರವಾಗಿ, ವಿರಳವಾಗಿ, ಅಡಿಯಲ್ಲಿ ಗಿಡಗಂಟೆಗಳ ಸಹವಾಸವನ್ನೇ ಬೇಡವೆಂದು ನಿಲ್ಲುತ್ತವೆ. ಇನ್ನೂ ಮೇಲೆ, ಗಾಳಿಗೆ ಸ್ವಲ್ಪ ತೇವವೂ ಬಂಡೆಗಳಿಗೆ ಪಾಚಿಯೂ ಬಂದ ಕಡೆ, ಕೊಂಬೆಗಳನ್ನು ವಕ್ರವಾಗಿ ಚಾಚಿದ ಬಾಂಜ್ ಮರಗಳು, ಎಂದರೆ ಹಿಮಾಲಯದ ಓಕ್ ಮರಗಳು, ದಟ್ಟವಾಗಿ ಎದುರಾಗುತ್ತವೆ. ಊರು ಬಂತೆಂದು ಹೇಳುವುದಕ್ಕೆ ಈ ಮರಗಳೇ ಸಾಕು.

ಊರಿನ ಮೊದಲ ಹೆಸರು ಕಾಲೂಡಾಂಡಾ; ಡಾಂಡಾ ಎಂದರೆ ಗಢವಾಲಿಯಲ್ಲಿ ಬೆಟ್ಟದ ಏಣು. 1815ರ ಗೂರ್ಖಾ ಯುದ್ಧದ ತರುವಾಯ ಅಲಕನಂದೆಯ ಪೂರ್ವಕ್ಕಿದ್ದ ಗಢವಾಲ ಆಂಗ್ಲರ ವಶವಾಯಿತು. ಅಲ್ಲಿಯ ಯುವಕರನ್ನು ಬಹುಕಾಲ ಗೂರ್ಖಾ ಪಡೆಗಳಲ್ಲಿ ಸೇರಿಸಿಕೊಳ್ಳುತ್ತಿದ್ದ ಸರ್ಕಾರ, ಅವರದೇ ಆದ ಒಂದು ಪಡೆಯನ್ನು 1887ರಲ್ಲಿ ಅಲ್ಮೋಡಾದಲ್ಲಿ ಕಟ್ಟಿ, ಅದೇ ವರ್ಷ ಈ ನಿರ್ಜನ ಬೆಟ್ಟಕ್ಕೆ ತಂದು ನೆಲೆಗೊಳಿಸಿತು. 1890ರಲ್ಲಿ ಊರಿಗೆ ಆಗಿನ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಅವರ ಹೆಸರಿಟ್ಟರು. ಇದೇ ವೈಸರಾಯರು 1892ರಲ್ಲಿ ಮೈಸೂರಿಗೆ ಬಂದುದರ ಸ್ಮರಣಾರ್ಥವಾಗಿ ದೇವರಾಜ ಮಾರುಕಟ್ಟೆಯ ಸಮೀಪ ಲ್ಯಾನ್ಸ್‌ಡೌನ್ ಕಟ್ಟಡ ಎದ್ದಿತೆಂಬುದನ್ನು ಬಲ್ಲ ಮೈಸೂರಿಗರಿಗೆ, ಗಢವಾಲದ ಈ ಬೆಟ್ಟದ ಹೆಸರು ಕಿವಿಗೆ ಅಪರಿಚಿತವಾಗಿ ಬೀಳಲಾರದು. ಮೈಸೂರಿನ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. ಬೆಟ್ಟದ ಮೇಲಿನ ಊರು ಮಾತ್ರ ಕೆಂಪು ತಗಡಿನ ಮಾಡುಗಳೊಂದಿಗೆ ಬಹುಮಟ್ಟಿಗೆ ಇದ್ದಂತೆಯೇ ಇದೆ.

ಇದ್ದಂತೆಯೇ ಇರುವುದಕ್ಕೆ ಕಾರಣ ದಂಡು. ಬೆಂಗಳೂರಿನ ಹಳಬರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಲ್ಯಾನ್ಸ್‌ಡೌನ್ ಇಂದಿಗೂ ಗಢವಾಲ್ ರೈಫಲ್ಸ್ ಪಡೆಯ ಕೇಂದ್ರ. ದಂಡುಪ್ರದೇಶದ ಕಟ್ಟಳೆಗಳ ಪ್ರಕಾರ ಇಲ್ಲಿಯ ಹಳೆಯ ಬಂಗಲೆಗಳಲ್ಲಿ ಬಹಳಷ್ಟರ ನೆಲ ಸರ್ಕಾರದ್ದೇ ಹೊರತು ಮನೆಯಲ್ಲಿರುವವರದ್ದಲ್ಲ. ಮಹಡಿಯ ಮೇಲೆ ಮಹಡಿ ಏರಿಸುವುದಿರಲಿ, ಮನೆಯನ್ನು ಸ್ವಲ್ಪ ವಿಸ್ತರಿಸಬೇಕೆಂದರೂ ದಂಡುಮಂಡಳಿಯ ಅಪ್ಪಣೆ ಬೇಕು. ಈ ನಿಯಮಗಳನ್ನು ಮಾಡಿದ ಆಂಗ್ಲ ಅಧಿಕಾರಿಗಳ ಮನಸ್ಸಿನಲ್ಲಿ ಮರವಾಗಲಿ, ಮೌನವಾಗಲಿ ಇದ್ದಿತೆಂದು ನನಗೇನೂ ತೋರುವುದಿಲ್ಲ. ಸೈನಿಕರ ಶಿಸ್ತು, ಆರೋಗ್ಯ, ಸ್ಥಳೀಯ ಜನರಿಂದ ಅಂತರ, ಇವಿಷ್ಟೇ ಅವರ ಚಿಂತೆಯಾಗಿದ್ದಿರಬೇಕು. ಆದರೂ ಮಸ್ಸೂರಿಯ ಇಳಿಜಾರುಗಳಲ್ಲಿ ಒಂದರ ತಲೆಯ ಮೇಲೊಂದು ಹೋಟೆಲು ನಿಂತಿರುವ ಈ ದಿನಗಳಲ್ಲಿ, ಅನ್ಯೋದ್ದೇಶದಿಂದ ಹುಟ್ಟಿದ ಆ ಕಟ್ಟಳೆಯೇ ಇಲ್ಲಿ ಒಂದು ಕಾಡನ್ನು ಉಳಿಸಿತೆಂಬುದನ್ನು ಒಪ್ಪದೆ ವಿಧಿಯಿಲ್ಲ. ಅದರ ತೊಂದರೆಯನ್ನು ಅನುಭವಿಸುವವರು ಮಾಡು ಸೋರಿದರೂ ಅರ್ಜಿ ಹಿಡಿದು ಅಲೆಯಬೇಕಾದ ನಿವಾಸಿಗಳು. ಎರಡು ದಿನವಿದ್ದು ಹೊರಡುವ ನಮ್ಮಂಥವರು ಈ ವ್ಯವಸ್ಥೆಯನ್ನು ಹೊಗಳುವಾಗ ಅವರ ಮುಖವನ್ನೂ ಒಮ್ಮೆ ನೋಡುವುದು ನ್ಯಾಯ.

ಕಾಡಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬಾಂಜ್ ಮರದ ಒಂದು ಎಲೆಯನ್ನು ಕೈಗೆತ್ತಿಕೊಂಡು ನೋಡಿ: ಮೇಲ್ಮೈ ಗಾಢ ಹಸುರು, ಚರ್ಮದಂಥ ಬಿರುಸು, ಅಂಚಿನಲ್ಲಿ ಗರಗಸದ ಹಲ್ಲು; ಮಗುಚಿದರೆ ಒಳಮೈಯೆಲ್ಲ ಸೂಕ್ಷ್ಮವಾದ ಬಿಳಿಯ ರೋಮ. ಗಾಳಿ ಬೀಸಿದಾಗ ಇಡೀ ಇಳಿಜಾರು ಹಸುರಿನಿಂದ ಬೂದಿಬಣ್ಣಕ್ಕೂ ಬೂದಿಯಿಂದ ಹಸುರಿಗೂ ತಿರುಗುವುದು ಈ ಎರಡು ಮೈಗಳ ಕಾರಣದಿಂದಲೇ. ಈ ಎಲೆ ಉದುರಿ ಕೊಳೆತು, ಪಾಚಿ, ಜರಿಗಿಡ, ಬೇರುಗಳೊಂದಿಗೆ ಸೇರಿ ಆದ ನೆಲ ನೆನೆಹಾಕಿದ ಗೋಣಿತಾಟಿನಂತೆ ಮಳೆಯ ನೀರನ್ನು ಹಿಡಿದಿಟ್ಟುಕೊಂಡು, ಅವಸರವಿಲ್ಲದೆ ಕೆಳಗಿನ ಒರತೆಗಳಿಗೆ ಬಿಡುತ್ತದೆ. ಬೆಟ್ಟದ ಹಳ್ಳಿಗಳಿಗೆ ಈ ಒರತೆಗಳೇ ಬಾವಿ, ಕೆರೆ ಎಲ್ಲವೂ. ಗಢವಾಲಿಗಳು ಧಾರಾ ಎಂದು ಕರೆಯುವ ಕಲ್ಲಿನ ದೋಣಿಯ ಬಾಯಿಯಿಂದ ಸುರಿಯುವ ನೀರು ಬೇಸಗೆಯಲ್ಲಿ ಬತ್ತಿದರೆ, ಮೇಲೆ ಬಾಂಜ್ ಕಾಡು ತೆಳ್ಳಗಾಯಿತೆಂದೇ ಊರಿನ ಹಿರಿಯರು ಶಂಕಿಸುತ್ತಾರೆ. ಮರದ ಸೊಪ್ಪು ಚಳಿಗಾಲದಲ್ಲಿ ದನಗಳಿಗೆ ಮೇವು. ಒಣಗಿದ ಎಲೆ ಕೊಟ್ಟಿಗೆಗೆ ಹಾಸು, ಆಮೇಲೆ ಹೊಲಕ್ಕೆ ಗೊಬ್ಬರ. ಕೊಂಬೆ ನಿಧಾನವಾಗಿ ಉರಿಯುವ ಸೌದೆ. ಆಳೆತ್ತರದ ಸೊಪ್ಪಿನ ಹೊರೆಯನ್ನು ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ದಾರಿಯ ಕಟ್ಟೆಗೆ ಹೊರೆಯನ್ನೊರಗಿಸಿ ನಿಂತಿದ್ದಾಗ, “ದೀದಿ, ಇಷ್ಟು ದೂರ ಏಕೆ ಹೋಗಬೇಕು? ಮನೆಯ ಹಿಂದೆಯೇ ಚೀಡ್ ಕಾಡಿದೆಯಲ್ಲ?” ಎಂದು ಕೇಳಿದೆ. “ಭೈಜಿ, ಚೀಡ್ ಸೊಪ್ಪನ್ನು ನಮ್ಮ ಎಮ್ಮೆ ಮೂಸಿಯೂ ನೋಡುವುದಿಲ್ಲ” ಎಂದು ನಕ್ಕು ಆಕೆ ಹೊರೆಯನ್ನು ಮತ್ತೆ ಬೆನ್ನಿಗೇರಿಸಿದಳು.

ಆಕೆಯ ಎಮ್ಮೆ ಒಲ್ಲದ ಮರವನ್ನು ಆಂಗ್ಲರ ಅರಣ್ಯ ಇಲಾಖೆ ಬಹಳವಾಗಿ ಒಲಿದಿತ್ತು. ಚೀಡ್ ಮರದ ತೊಗಟೆಯನ್ನು ಕೆತ್ತಿದರೆ ರಾಳ ಸುರಿಯುತ್ತದೆ. ಅದರಿಂದ ಟರ್ಪೆಂಟೈನ್ ಎಣ್ಣೆ ದೊರೆಯುತ್ತದೆ. ಮರ ರೈಲುಹಳಿಯ ಅಡಿಗೆ ಹಾಕುವ ಸ್ಲೀಪರುಗಳಿಗೆ ಒದಗುತ್ತದೆ. ಆದಕಾರಣ ಕಾಡುಗಳಲ್ಲಿ ಚೀಡ್‌ಗೆ ಪ್ರೋತ್ಸಾಹ ದೊರೆತು, ಹಳ್ಳಿಗರ ಹಕ್ಕುಗಳು ಮೊಟಕಾದವು. ದೊಡ್ಡ ಮರಗಳ ತೊಗಟೆ ದಪ್ಪವಾದುದರಿಂದ ಬೆಂಕಿ ಬಿದ್ದರೂ ಚೀಡ್ ಬದುಕಿಕೊಳ್ಳುತ್ತದೆ. ಮೂರು ಮೂರರ ಗೊಂಚಲಾಗಿ ಉದುರುವ ಅದರ ಸೂಜಿಯೆಲೆಗಳು, ಇಲ್ಲಿಯವರ ಮಾತಿನ ಪಿರೂಲ್, ಏಪ್ರಿಲ್ ಕಳೆಯುವ ಹೊತ್ತಿಗೆ ಒಂದು ಬೀಡಿಯ ತುಂಡಿಗೂ ಹೊತ್ತಿಕೊಳ್ಳುವಷ್ಟು ಒಣಗಿ ಹಾಸಿಕೊಂಡಿರುತ್ತವೆ. ಒಮ್ಮೆ ಅದರ ಮೇಲೆ ಕಾಲಿಟ್ಟು ಜಾರಿದವನು ಮತ್ತೆ ಮರೆಯಲಾರ. 1921ರಲ್ಲಿ ಕುಮಾಊಂ ಪ್ರಾಂತದ ಜನ ಸರ್ಕಾರದ ಅರಣ್ಯನೀತಿಯ ವಿರುದ್ಧ ಎದ್ದಾಗ ಬೆಂಕಿಯಿಟ್ಟದ್ದು ಬಹುಮಟ್ಟಿಗೆ ಈ ಚೀಡ್ ಕಾಡುಗಳಿಗೇ, ತಮಗೆ ಅನ್ನ ನೀರು ಕೊಡುವ ಅಗಲವಾದ ಎಲೆಯ ಮರಗಳ ತಂಟೆಗೆ ಹೋಗಲಿಲ್ಲ ಎಂಬುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಆ ಕೋಪದ ಫಲವಾಗಿಯೇ ಹತ್ತು ವರ್ಷಗಳ ಅನಂತರ, 1931ರಲ್ಲಿ, ಹಳ್ಳಿಗರೇ ತಮ್ಮ ಕಾಡನ್ನು ನೋಡಿಕೊಳ್ಳುವ ವನಪಂಚಾಯತಿಗಳಿಗೆ ನಿಯಮಗಳು ರೂಪುಗೊಂಡವು.

ಇದೇ ಗಢವಾಲದ ಚಮೋಲಿ ಭಾಗದಲ್ಲಿ 1973ರಲ್ಲಿ ಹುಟ್ಟಿದ ಚಿಪ್ಕೋ ಚಳವಳಿ, ಮರುವರ್ಷ ರೇಣಿ ಎಂಬ ಹಳ್ಳಿಯಲ್ಲಿ ಗೌರಾದೇವಿ ಮತ್ತು ಆಕೆಯ ಸಂಗಡಿಗ ಹೆಂಗಸರು ಕೊಡಲಿಯ ಎದುರು ನಿಂತದ್ದು, 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿಯ ಸಲಕಣಿಯ ಜನ ಅದೇ ಮಾರ್ಗವನ್ನು ಹಿಡಿದು ಅಪ್ಪಿಕೋ ಎಂದು ಮರಗಳನ್ನು ತಬ್ಬಿದ್ದು, ಇವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಸಾವಿರ ಮೀಟರಿಗಿಂತ ಎತ್ತರದ ಬೆಟ್ಟಗಳಲ್ಲಿ ಹಸಿಮರ ಕಡಿಯುವುದಕ್ಕೆ ನಿಷೇಧ ಬಂದದ್ದು ಆ ಹೋರಾಟದಿಂದ. ಲ್ಯಾನ್ಸ್‌ಡೌನಿನ ಮರಗಳಿಗೆ ಹೀಗೆ ಇಬ್ಬರು ಕಾವಲುಗಾರರು: ಒಬ್ಬ ಸಿಪಾಯಿ, ಇನ್ನೊಬ್ಬಳು ಹುಲ್ಲುಸೊಪ್ಪು ತರುವ ಹೆಂಗಸು.

ಬಾಂಜ್ ಮರಗಳ ನಡುನಡುವೆ ಬುರಾಂಸ್ ಇರುತ್ತದೆ. ಫೆಬ್ರವರಿ ಕಳೆದು ಮಾರ್ಚ್ ಬಂದಾಗ ಅದರ ರಕ್ತವರ್ಣದ ಹೂಗೊಂಚಲುಗಳು ಇಡೀ ಗುಡ್ಡವನ್ನು ಬೆಳಗುತ್ತವೆ. ಹೂವಿನ ಎಸಳಿನಿಂದ ಹುಳಿಸಿಹಿಯಾದ ಪಾನಕ ಮಾಡಿ ಬಾಟಲಿಗಳಲ್ಲಿ ತುಂಬಿ ಮಾರುತ್ತಾರೆ. ಇದೇ ಮರದ ಸೋದರ ತಳಿ ನಮ್ಮ ನೆರೆಯ ನೀಲಗಿರಿಯ ಶೋಲಾ ಕಾಡುಗಳಲ್ಲಿ ಬೆಳೆಯುತ್ತದೆಂಬುದು ಆಶ್ಚರ್ಯದ ಸಂಗತಿ. ನಡುವೆ ಎರಡು ಸಾವಿರ ಕಿಲೋಮೀಟರಿನಷ್ಟು ಉರಿಬಿಸಿಲ ನಾಡಿದೆ. ಭೂಮಿ ಇಂದಿಗಿಂತ ತಂಪಾಗಿದ್ದ ಯುಗದಲ್ಲಿ ಶೀತಪ್ರಿಯ ಸಸ್ಯಗಳು ದಕ್ಷಿಣಕ್ಕೆ ಹಬ್ಬಿ, ಶಾಖ ಏರಿದಂತೆಲ್ಲ ಎತ್ತರದ ಬೆಟ್ಟಗಳನ್ನು ಹತ್ತಿ ಉಳಿದುಕೊಂಡವೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಊರಿನೊಳಗೆ ನೋಡತಕ್ಕವು ಹೆಚ್ಚೇನಿಲ್ಲ. ಆಂಗ್ಲರು ಬಿಟ್ಟುಹೋದ ಇಗರ್ಜಿಗಳು, ಭುಲ್ಲಾತಾಲ್ ಎಂಬ, ಸೇನೆಯವರು ನಿರ್ಮಿಸಿದ ಪುಟ್ಟ ಕೊಳ, ಹಿಮಶಿಖರಗಳನ್ನು ತೋರುವ ಟಿಪ್ ಇನ್ ಟಾಪ್ ಎಂಬ ಎತ್ತರ, ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಕೊಳವನ್ನಂತೂ ಬಿಟ್ಟರೂ ನಷ್ಟವಿಲ್ಲ. ಬಿಡಬಾರದ್ದು ಪಡೆಯ ವಸ್ತುಸಂಗ್ರಹಾಲಯ. ಅದಕ್ಕೆ ದರ್ವಾನ್ ಸಿಂಗ್ ನೇಗಿಯ ಹೆಸರಿದೆ. 1914ರ ನವೆಂಬರಿನಲ್ಲಿ ಫ್ರಾನ್ಸಿನ ಫೆಸ್ಟುಬೆರ್ ಬಳಿ ತಲೆಗೂ ತೋಳಿಗೂ ಪೆಟ್ಟು ಬಿದ್ದಿದ್ದರೂ ಕಂದಕದಿಂದ ಕಂದಕಕ್ಕೆ ಎಲ್ಲರಿಗಿಂತ ಮುಂದೆ ನುಗ್ಗಿ ವಿಕ್ಟೋರಿಯಾ ಕ್ರಾಸ್ ಪಡೆದ ಈತ, ದೊರೆಯು ಬೇಕಾದುದನ್ನು ಕೇಳೆಂದಾಗ ತನ್ನ ಸೀಮೆಯ ಕರ್ಣಪ್ರಯಾಗದಲ್ಲಿ ಒಂದು ಶಾಲೆಯನ್ನು ಬೇಡಿದನೆಂದು ಗಢವಾಲದಲ್ಲಿ ಹೇಳುತ್ತಾರೆ. ಮರುವರ್ಷ ಮಾರ್ಚ್ 10ರಂದು ನವ್ ಶಾಪೆಲ್ ಕದನದಲ್ಲಿ ಮಡಿದು ಅದೇ ಪದಕಕ್ಕೆ ಪಾತ್ರನಾದ ಗಬರ್ ಸಿಂಗ್ ನೇಗಿ ಇನ್ನೂ ಇಪ್ಪತ್ತು ತುಂಬದ ಹುಡುಗ.

ಈ ಪಡೆಯ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಧೈರ್ಯಕ್ಕೂ ಸ್ಥಾನವುಂಟು. 1930ರ ಏಪ್ರಿಲ್ 23ರಂದು ಪೇಷಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ನಿಶ್ಶಸ್ತ್ರರಾಗಿ ನೆರೆದಿದ್ದ ಪಠಾಣರ ಮೇಲೆ ಗುಂಡು ಹಾರಿಸಲು ಆಜ್ಞೆಯಾದಾಗ, ಹವಾಲ್ದಾರ್ ಚಂದ್ರಸಿಂಗ್ ಮತ್ತು ಆತನ ಗಢವಾಲಿ ಸಂಗಡಿಗರು ಬಂದೂಕು ಎತ್ತಲು ನಿರಾಕರಿಸಿದರು. ಸೈನಿಕ ನ್ಯಾಯಾಲಯ ಚಂದ್ರಸಿಂಗನಿಗೆ ಆಜೀವ ಶಿಕ್ಷೆ ವಿಧಿಸಿತು. ಹನ್ನೊಂದು ವರ್ಷಗಳ ಸೆರೆವಾಸದ ಮೇಲೆ 1941ರಲ್ಲಿ ಬಿಡುಗಡೆಯಾಯಿತು. ಆಜ್ಞಾಪಾಲನೆಗಾಗಿ ಪದಕ ಪಡೆದವರೂ ಆಜ್ಞೆಯನ್ನು ಮೀರಿ ಸೆರೆಮನೆ ಕಂಡವರೂ ಒಂದೇ ಪಡೆಯವರೆಂಬುದು, ಮುಂಜಾನೆ ಸಾಲುಸಾಲಾಗಿ ಓಡುವ ಎಳೆಯ ರಂಗರೂಟುಗಳನ್ನು ನೋಡುವಾಗ ನೆನಪಿಗೆ ಬರುತ್ತದೆ.

ಊರಿನಿಂದ ಕೆಲವು ಕಿಲೋಮೀಟರ್ ನಡೆದರೆ ಎದುರಾಗುವ ಮೌನ ಬೇರೆ ಬಗೆಯದು. ಮೆಟ್ಟಿಲುಮೆಟ್ಟಿಲಾದ ಹೊಲಗಳಲ್ಲಿ ಪೊದೆ ಬೆಳೆದಿದೆ. ಕಲ್ಲುಹಲಗೆ ಹೊದಿಸಿದ ಮನೆಗಳ ಕೆತ್ತನೆಯ ಬಾಗಿಲುಗಳಿಗೆ ತುಕ್ಕುಹಿಡಿದ ಬೀಗ ತೂಗುತ್ತಿದೆ. ಗಢವಾಲದ ಗಂಡಸರು ಬಹುಕಾಲದಿಂದ ಸೇನೆಗೂ, ದಿಲ್ಲಿಯ ಕಚೇರಿ ಹೋಟೆಲುಗಳಿಗೂ ಹೋಗಿ ದುಡಿದು ಹಣ ಕಳುಹಿಸುತ್ತಿದ್ದರು. ಇದನ್ನು ಮನಿಆರ್ಡರ್ ಆರ್ಥಿಕತೆಯೆಂದೇ ಕರೆಯುವುದುಂಟು. ಈಗ ಮನಿಆರ್ಡರ್ ಪಡೆಯುವವರೂ ಹೊರಟುಬಿಟ್ಟಿದ್ದಾರೆ. 2001 ಮತ್ತು 2011ರ ಗಣತಿಗಳ ನಡುವೆ ದೇಶದ ಜನಸಂಖ್ಯೆ ಏರುತ್ತಲೇ ಇದ್ದಾಗ ಪೌಡಿ ಗಢವಾಲ ಜಿಲ್ಲೆಯದು ಇಳಿಯಿತು. ಅಲ್ಲಿ ಸಾವಿರ ಗಂಡಸರಿಗೆ ಸಾವಿರದ ನೂರಕ್ಕೂ ಮಿಕ್ಕಿ ಹೆಂಗಸರು. ಉತ್ತರಾಖಂಡದಲ್ಲಿ ಒಬ್ಬರೂ ವಾಸಿಸದ ಹಳ್ಳಿಗಳು ಸಾವಿರಕ್ಕೂ ಹೆಚ್ಚೆಂದು 2011ರ ಗಣತಿಯೇ ಹೇಳಿತು. ಶಾಲೆ ದೂರ, ಆಸ್ಪತ್ರೆ ಇನ್ನೂ ದೂರ, ಬೆಳೆದುದರಲ್ಲಿ ಪಾಲು ಕೋತಿಗೂ ಹಂದಿಗೂ ಹೋದ ಮೇಲೆ ಉಳಿಯುವುದು ಅತ್ಯಲ್ಪ. ಸಂಜೆಯಾದರೆ ಗುಲ್ದಾರ್, ಎಂದರೆ ಚಿರತೆಯ ಭಯ. ತೇಜಸ್ವಿಯವರು ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ನರಭಕ್ಷಕನ ಕಥೆಯನ್ನು ಓದಿದವರಿಗೆ ಗೊತ್ತಿರುವ ನಾಡು ಇದು. ಆ ಚಿರತೆ ಸತ್ತದ್ದು 1926ರಲ್ಲಿ. ಬಾಗಿಲುಗಳನ್ನು ಕತ್ತಲಾಗುವ ಮುನ್ನ ಮುಚ್ಚುವ ಅಭ್ಯಾಸ ಇನ್ನೂ ಹೋಗಿಲ್ಲ. ಇಂಥ ಹಳ್ಳಿಯ ನಡುವೆ ನಿಂತು ಆಹಾ ಎಂಥ ಶಾಂತಿ ಎಂದು ಉದ್ಗರಿಸುವುದಕ್ಕೆ ನಾಲಗೆ ಏಳುವುದಿಲ್ಲ.

ಉಳಿದಿರುವ ಮನೆಗಳಲ್ಲಿ ಊಟ ದೊರೆತರೆ ಅದೃಷ್ಟ. ಕನ್ನಡಿಗನಿಗೆ ಅಲ್ಲಿ ತಟ್ಟೆಯ ಮುಂದೆ ಅಪರಿಚಿತನಾಗುವ ಪ್ರಸಂಗವೇ ಬರುವುದಿಲ್ಲ. ಮಂಡುವಾ ಎಂದು ಅವರು ಕರೆಯುವುದು ನಮ್ಮ ರಾಗಿಯನ್ನೇ. ಅದರ ದಪ್ಪ ರೊಟ್ಟಿಯ ಮೇಲೆ ತುಪ್ಪ ಸವರಿ, ಪಕ್ಕದಲ್ಲಿ ಒಂದು ತುಂಡು ಬೆಲ್ಲವನ್ನೋ, ಭಂಗಿಯ ಬೀಜ ಹಾಕಿ ಅರೆದ ಚಟ್ನಿಯನ್ನೋ ಇಡುತ್ತಾರೆ. ಗಹತ್ ಎಂಬುದು ಹುರುಳಿ. ಚಳಿಗಾಲದಲ್ಲಿ ಅದರ ಸಾರನ್ನು ಮೈಗೆ ಕಾವು ಕೊಡುವುದೆಂದು ನಮ್ಮವರಂತೆಯೇ ಉಣ್ಣುತ್ತಾರೆ. ಝಂಗೋರಾ ನಮ್ಮ ಊದಲು. ಅದರ ಪಾಯಸ ಬಹು ರುಚಿಯಾದದ್ದು. ಮುದ್ದೆ ಕಟ್ಟುವುದು ಮಾತ್ರ ನಾನು ಉಂಡ ಮನೆಯವರಿಗೆ ತಿಳಿದಿರಲಿಲ್ಲ. ಅದನ್ನು ಬಾಯಿಮಾತಿನಲ್ಲಿ ವರ್ಣಿಸಲು ಹೊರಟ ನನ್ನ ಪ್ರಯತ್ನವನ್ನು ಆ ಮನೆಯ ಅಜ್ಜಿ ಸೌಜನ್ಯದಿಂದ ಕೇಳಿ, ಅಗಿಯದೆ ನುಂಗುವುದಾದರೆ ರುಚಿ ತಿಳಿಯುವುದು ಹೇಗೆಂದು ಪ್ರಶ್ನಿಸಿದಳು.

ಇನ್ನೊಂದು ದಿನವಿದ್ದರೆ ತಾರಕೇಶ್ವರಕ್ಕೆ ಹೋಗಿ ಬರಬೇಕು. ಲ್ಯಾನ್ಸ್‌ಡೌನಿನಿಂದ ಮೂವತ್ತೈದು ಕಿಲೋಮೀಟರಿನಷ್ಟು ದೂರ, ದೇವದಾರುಗಳ ವೃತ್ತಾಕಾರದ ತೋಪಿನ ನಡುವೆ ಇರುವ ಶಿವಾಲಯ ಅದು. ದೇವರ ಕಾಡೆಂದು ಕೊಡಲಿಯನ್ನು ದೂರವಿಟ್ಟ ಆ ಮರಗಳನ್ನು ಕಂಡರೆ ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ. ಹರಕೆ ಸಲ್ಲಿಸಿದವರು ಕಟ್ಟಿದ ಗಂಟೆಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ.

ಇಳಿಯುವಾಗ ಕೋಟದ್ವಾರದಿಂದ ಸ್ವಲ್ಪ ಪಕ್ಕಕ್ಕೆ ಸರಿದರೆ ಮಾಲಿನೀ ನದಿಯ ದಡದಲ್ಲಿ ಕಣ್ವಾಶ್ರಮವೆಂದು ಪರಂಪರೆಯಿಂದ ಗುರುತಿಸುವ ಸ್ಥಳವಿದೆ. ಮೈಸೂರರಮನೆಯ ಆಶ್ರಯದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನ್ನಿಸಿಕೊಂಡರು. ಅವರ ಕನ್ನಡದಲ್ಲಿ ಹರಿದ ಮಾಲಿನಿ ಇದೇ ಎಂದು ನಂಬುವುದಕ್ಕೆ ಪುರಾವೆ ಕೇಳಬೇಕಾಗಿಲ್ಲ. ಮಳೆಗಾಲದ ಹೊರತು ನದಿ ತೆಳ್ಳಗಿರುತ್ತದೆ. ನುಣುಪಾದ ಬಿಳಿಗಲ್ಲುಗಳೇ ಹೆಚ್ಚು.

ಹೋಗತಕ್ಕ ಕಾಲವನ್ನು ಕುರಿತು ಒಂದು ಮಾತು. ಹೂವನ್ನು ನೋಡಬೇಕೆಂಬವರಿಗೆ ಮಾರ್ಚ್. ಕಾಫಲ್ ಎಂಬ ಕೆಂಪು ಕಾಡುಹಣ್ಣನ್ನು ಉಪ್ಪು ಸವರಿ ತಿನ್ನಬೇಕೆಂಬವರಿಗೆ ಮೇ. ಆದರೆ ಆಗ ಕೆಳಗಿನ ಬಯಲಿನ ಧೂಳು, ಕಾಡುಗಿಚ್ಚಿನ ಹೊಗೆ ಎರಡೂ ಸೇರಿ ಶಿಖರಗಳನ್ನು ಮರೆಮಾಡುತ್ತವೆ. ಜುಲೈ ಆಗಸ್ಟ್‌ಗಳಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದುಂಟು. 7,138 ಮೀಟರಿನ ಚೌಖಂಬಾ, 7,120 ಮೀಟರಿನ ತ್ರಿಶೂಲ ಸ್ಪಷ್ಟವಾಗಿ ಕಾಣುವುದು ಮಳೆ ತೊಳೆದು ಹೋದ ಅಕ್ಟೋಬರ್ ನವೆಂಬರ್‌ಗಳಲ್ಲಿ, ಅದೂ ಬೆಳಗಿನ ಮೊದಲ ಎರಡು ಗಂಟೆ. ವಾರದ ಕೊನೆಯಲ್ಲಿ ದಿಲ್ಲಿಯ ಕಾರುಗಳು ಈಗ ಇಲ್ಲಿಗೂ ಸಾಲುಗಟ್ಟಿ ಬರುತ್ತವೆ. ದಂಡಿನ ಎಲ್ಲೆಯ ಹೊರಗೆ, ಕಟ್ಟಳೆಯ ಕೈ ನಿಲುಕದ ಕಡೆ, ಹೊಸ ರಿಸಾರ್ಟುಗಳು ಇಳಿಜಾರನ್ನು ಕೊರೆದು ಏಳತೊಡಗಿವೆ. ಆದುದರಿಂದ ಸೋಮವಾರ ಹತ್ತಿ ಗುರುವಾರ ಇಳಿಯುವುದು ಲೇಸು. ತಂಗುವುದಕ್ಕೆ ಹಳ್ಳಿಯಲ್ಲಿ ಯಾರಾದರೂ ಬೀಗ ತೆಗೆದು ಅತಿಥಿಗಳಿಗೆ ಕೊಡುತ್ತಿರುವ ಹಳೆಯ ಮನೆ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ.